ಹೊನ್ನ ಹುಲ್ಲೆಯ ಗೊರಸು

(ಕೋಲಾರದಲ್ಲಿ ಒಂದು ಭಾನುವಾರದ ಸಂಜೆ, ಅರ್ಧ ಗಂಟೆಯ ಹಳೆಯ ಚಿತ್ರವೊಂದನ್ನು ತೋರಿಸಿದ ಬಳಿಕ ಆಡಿದ ಮಾತುಗಳನ್ನು ತುಸು ತಿದ್ದಿ ಬರೆದದ್ದು. ಕೊನೆಯಲ್ಲಿ ನಡೆದ ಮಾತುಕತೆಯನ್ನೂ ಸೇರಿಸಿದ್ದೇನೆ.)

ಹಿರಿಯರೇ, ಗೆಳೆಯರೇ, ಮತ್ತು ಚಿತ್ರ ಮುಗಿದ ಮೇಲೂ ಮುಂದಿನ ಜಮಖಾನ ಬಿಟ್ಟು ಏಳದ ಮಕ್ಕಳೇ,

ಈಗ ತಾನೇ ನೀವು ನೋಡಿದ ಚಿತ್ರದ ಹೆಸರು ರಷ್ಯನ್ ಭಾಷೆಯಲ್ಲಿ ‘ಜೊಲೊತಾಯಾ ಆಂತಿಲೋಪಾ’. ‘ಹೊನ್ನ ಹುಲ್ಲೆ’ ಎಂದು ನಾನು ಕನ್ನಡಿಸಿಕೊಂಡಿದ್ದೇನೆ; ಹುಲ್ಲೆ ಎಂದರೆ ಕೃಷ್ಣಮೃಗದಂಥ ಪ್ರಾಣಿ. 1954ರಲ್ಲಿ ಮಾಸ್ಕೋದ ಸೋಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೋದಲ್ಲಿ ತಯಾರಾದ ಇದರ ನಿರ್ದೇಶಕರು ಲೆವ್ ಅತಮಾನೊವ್. ರಷ್ಯಾದಲ್ಲಿ ಇದನ್ನು ಅಜ್ಜಿಯೂ ಬಲ್ಲಳು, ಮೊಮ್ಮಗುವೂ ಬಲ್ಲುದು. ಆದರೆ ಯಾವ ದೇಶದ ಜನಪದ ಕಥೆಗಳಿಂದ ಹುಟ್ಟಿದ್ದೆಂದು ಅದು ತನ್ನನ್ನು ಹೇಳಿಕೊಳ್ಳುತ್ತದೆಯೋ ಆ ನಮ್ಮ ದೇಶದಲ್ಲಿ ಮಾತ್ರ ಅದರ ಹೆಸರು ಕೇಳಿದವರು ವಿರಳ. ತವರಿನಲ್ಲಿ ಯಾರೂ ಗುರುತಿಸದ ಮಗಳಂತೆ ಅದು ಎಪ್ಪತ್ತು ವರ್ಷ ಹೊರಗೇ ಉಳಿದಿದೆ.

ನಾನು ಸಿನಿಮಾ ವಿಮರ್ಶಕನಲ್ಲ. ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ನನ್ನ ತಲೆಮಾರಿನ ಅನೇಕರಂತೆ ನನಗೂ ರಷ್ಯಾದ ಪರಿಚಯವಾದದ್ದು ಪುಸ್ತಕಗಳಿಗೆ ಬೈಂಡು ಹಾಕುವ ಹೊತ್ತಿನಲ್ಲಿ. ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ದಪ್ಪ, ನುಣುಪು ಹಾಳೆಗಳು ಗಣಿತದ ನೋಟ್‌ಬುಕ್ಕಿಗೆ ಹೊದಿಕೆಯಾಗುತ್ತಿದ್ದವು. ಟ್ರಾಕ್ಟರ್ ನಡೆಸುವ ಹೆಂಗಸರೂ ಹಿಮದಲ್ಲಿ ಆಡುವ ಮಕ್ಕಳೂ ವರ್ಷವಿಡೀ ನಮ್ಮ ಕಂಕುಳಲ್ಲಿ ಶಾಲೆಗೆ ಬರುತ್ತಿದ್ದರು. ಅಲ್ಲಿನ ಚಿತ್ರಕಾರರು ನಮ್ಮ ದೇಶದ ರಾಜ, ಆನೆ, ಹುಲಿ, ಆಲದ ಮರಗಳನ್ನು ಕುಳಿತು ಬರೆದಿದ್ದರೆಂಬುದು ತಿಳಿದದ್ದು ನಿವೃತ್ತನಾದ ಮೇಲೆ, ಈ ಚಿತ್ರವನ್ನು ನೋಡಿದಾಗ. ಒಮ್ಮೆ ನೋಡಿದೆ. ಮರುದಿನ ಮತ್ತೊಮ್ಮೆ ನೋಡಿದೆ. ಮೂರನೆಯ ಸಲ ಕಥೆಯನ್ನು ಬಿಟ್ಟು ಗೆರೆಗಳನ್ನು ಮಾತ್ರ ನೋಡತೊಡಗಿದೆ.

ತಡವಾಗಿ ಬಂದವರಿಗಾಗಿ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಕಾಡಿನಲ್ಲೊಂದು ಹೊನ್ನ ಹುಲ್ಲೆಯಿದೆ. ಅದು ಓಡುವಾಗ ಗೊರಸು ನೆಲಕ್ಕೆ ತಾಕಿದೆಡೆ ಚಿನ್ನದ ನಾಣ್ಯಗಳು ಚಿಮ್ಮುತ್ತವೆ. ಆಸೆಬುರುಕ ರಾಜ ಅದರ ಬೆನ್ನು ಹತ್ತುತ್ತಾನೆ. ಅಪ್ಪ ಅಮ್ಮ ಇಲ್ಲದ ಹುಡುಗನೊಬ್ಬ ಅದನ್ನು ಅಡಗಿಸಿ ಉಳಿಸುತ್ತಾನೆ. ಕೈಗೆ ಬಂದ ಬೇಟೆ ತಪ್ಪಿತೆಂಬ ಕೋಪದಲ್ಲಿ ರಾಜ ಹುಡುಗನ ತಲೆಯ ಮೇಲೆ ಚಿನ್ನದ ನಾಣ್ಯಗಳ ಸಾಲ ಹೊರಿಸುತ್ತಾನೆ. ಕಾಡು ಹೊಕ್ಕ ಹುಡುಗ ಹುಲಿಮರಿಗಳಿಗೆ ನೆರವಾಗುತ್ತಾನೆ, ತಾಯಿಹುಲಿ ಅವನಿಗೆ ನೆರವಾಗುತ್ತದೆ, ಹುಲ್ಲೆ ತನ್ನನ್ನು ಕರೆಯಲೆಂದು ಬಿದಿರಿನ ಕೊಳಲೊಂದನ್ನು ಕೊಡುತ್ತದೆ. ಕೊನೆಗೆ ಹುಡುಗನನ್ನು ಬಿಡಿಸಲೆಂದು ಹುಲ್ಲೆ ತಾನೇ ಅರಮನೆಗೆ ಬಂದು, ರಾಜ ಬೇಡಿದಷ್ಟು ಚಿನ್ನ ಕೊಡಲು ಒಪ್ಪುತ್ತದೆ. ಷರತ್ತು ಒಂದೇ: ‘ಸಾಕು’ ಎಂದು ಅವನು ಹೇಳಿದ ಕ್ಷಣ ಚಿನ್ನವೆಲ್ಲ ಒಡೆದ ಮಡಕೆಯ ಚೂರಾಗುತ್ತದೆ. ಮುಂದಿನದನ್ನು ನೀವು ಕಣ್ಣಾರೆ ಕಂಡಿರಿ.

ಕಥೆಯ ಮಟ್ಟಿಗೆ ಇದರಲ್ಲಿ ಹೊಸದೇನೂ ಇಲ್ಲವೆಂದು ಒಪ್ಪಿಕೊಂಡುಬಿಡುತ್ತೇನೆ. ಹುಡುಗನ ಮುಖವೂ ನನಗೆ ತುಸು ಸಪ್ಪೆಯೆನ್ನಿಸುತ್ತದೆ. ಒಳ್ಳೆಯವರನ್ನು ಬರೆಯುವುದು ಎಲ್ಲ ಚಿತ್ರಕಾರರಿಗೂ ಕಷ್ಟ. ಹಾಗಿದ್ದರೂ ಈ ಚಿತ್ರ ಬಿಟ್ಟೂಬಿಡದೆ ಎಳೆಯುತ್ತದೆ. ಅದರ ಸೆಳೆತ ಇರುವುದು ತೂಕದಲ್ಲಿ ಎಂಬುದು ನನ್ನ ಎಣಿಕೆ. ಯಾವುದು ಭಾರ, ಯಾವುದು ಹಗುರ ಎಂಬುದನ್ನು ಒಂದು ಮಾತೂ ಆಡದೆ, ಗೆರೆಯಿಂದಲೇ ಇದು ಹೇಳುತ್ತದೆ. ಅದನ್ನು ಬಿಡಿಸಲು ಈ ಚಿತ್ರಗಳು ತಯಾರಾಗುತ್ತಿದ್ದ ಬಗೆಯನ್ನು ಮೊದಲು ಹೇಳಬೇಕು.

ಸಿನಿಮಾ ಎಂದರೆ ಸೆಕೆಂಡಿಗೆ 24 ಚೌಕಟ್ಟು, ಅಂದರೆ ಫ್ರೇಮು. ಒಂದೊಂದು ಚಿತ್ರವನ್ನೂ ಎರಡು ಚೌಕಟ್ಟಿನಷ್ಟು ಹೊತ್ತು ನಿಲ್ಲಿಸಿದರೂ ಕಣ್ಣು ಒಪ್ಪುತ್ತದೆ. ಹಾಗೆ ಮಾಡಿದರೆ ಸೆಕೆಂಡಿಗೆ 12 ಚಿತ್ರ ಬೇಕು. ಅರ್ಧ ಗಂಟೆ ಎಂದೇ ಹಿಡಿದರೆ 43,200 ಚೌಕಟ್ಟು, ಅವುಗಳಿಗೆ 21,600 ಚಿತ್ರ. ರಾಜ, ಹುಲ್ಲೆ, ನಾಣ್ಯ ಎಂದು ಬೇರೆ ಬೇರೆ ಪದರಗಳಿದ್ದಲ್ಲಿ ಈ ಲೆಕ್ಕ ಇನ್ನೂ ಮೇಲೇರುತ್ತದೆ. ಮೊದಲು ಕಾಗದದ ಮೇಲೆ ಪೆನ್ಸಿಲಿನ ಗೆರೆ; ಅದನ್ನು ಸೆಲ್ಯುಲಾಯ್ಡ್ ಎಂಬ ಪಾರದರ್ಶಕ ಹಾಳೆಯ ಮುಂಬದಿಗೆ ಮಸಿಯಲ್ಲಿ ಇಳಿಸಿ, ಹಿಂಬದಿಯಿಂದ ಬಣ್ಣ ತುಂಬುತ್ತಿದ್ದರು. ಗೆರೆ ಮುಂದೆ, ಬಣ್ಣ ಹಿಂದೆ. ಹೀಗಾಗಿ ಬಣ್ಣ ಎಷ್ಟೇ ದಪ್ಪಗೆ ಕುಳಿತರೂ ಗೆರೆ ಮಾಸುವುದಿಲ್ಲ. ಕಾಡಿನ ಹಿನ್ನೆಲೆಯನ್ನು ಒಮ್ಮೆ ಮಾತ್ರ ಬರೆದು ಕೆಳಗಿಟ್ಟು, ಅದರ ಮೇಲೆ ಈ ಹಾಳೆಗಳನ್ನು ಒಂದೊಂದಾಗಿ ಬದಲಿಸುತ್ತ ಫೋಟೋ ತೆಗೆಯುತ್ತಿದ್ದರು. ಈ ಹಾಳೆಯ ಉಪಾಯಕ್ಕೆ 1914ರಲ್ಲಿ ಅಮೆರಿಕದ ಅರ್ಲ್ ಹರ್ಡ್ ಪೇಟೆಂಟ್ ಸಲ್ಲಿಸಿದ್ದರು.

ತೊಗಲುಗೊಂಬೆಯಾಟವನ್ನು ಕಂಡವರಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ಬೆಳಕು ಹಾಯುವಷ್ಟು ತೆಳ್ಳಗೆ ಚರ್ಮವನ್ನು ಹೆರೆದು, ಬಣ್ಣ ಕೊಟ್ಟು, ಪರದೆಯ ಹಿಂದೆ ದೀಪವಿಟ್ಟು ಆಡಿಸುತ್ತಿದ್ದ ನಮ್ಮವರ ಕೈಗೂ ಬೇಕಾಗಿದ್ದದ್ದು ಒಂದು ಪಾರದರ್ಶಕ ಹಾಳೆಯೇ. ವ್ಯತ್ಯಾಸವೂ ಇದೆ. ಗೊಂಬೆಯ ಬಣ್ಣದೊಳಗಿಂದ ಬೆಳಕು ಬರುತ್ತದೆ, ಸೆಲ್ಯುಲಾಯ್ಡಿನ ಬಣ್ಣ ಬೆಳಕನ್ನು ತಡೆಯುತ್ತದೆ. ಗೊಂಬೆಯನ್ನು ಒಮ್ಮೆ ಮಾಡಿದರೆ ತಲೆಮಾರುಗಳು ಆಡಿಸುತ್ತವೆ, ಸೆಲ್ಯುಲಾಯ್ಡಿನ ಚಿತ್ರ ಬದುಕುವುದು ಸೆಕೆಂಡಿನ ಹನ್ನೆರಡನೆಯ ಒಂದು ಪಾಲು. ಅಷ್ಟೇ ಅಲ್ಲ, ಹಾಳೆ ದುಬಾರಿಯಾಗಿದ್ದ ಆ ದಿನಗಳಲ್ಲಿ ಅನೇಕ ಸ್ಟುಡಿಯೋಗಳು ಫೋಟೋ ತೆಗೆದಾದ ಮೇಲೆ ಚಿತ್ರವನ್ನು ತೊಳೆದು, ಅದೇ ಹಾಳೆಯ ಮೇಲೆ ಬೇರೆ ಚಿತ್ರ ಬರೆಸುತ್ತಿದ್ದವು. ಇದನ್ನು ಮೊದಲ ಸಲ ಓದಿದಾಗ ನನಗೆ ನನ್ನ ತಾಯಿಯ ನೆನಪಾಯಿತು. ಪ್ರತಿ ಬೆಳಗ್ಗೆ ನಿನ್ನೆಯ ರಂಗೋಲಿಯ ಮೇಲೆ ನೀರು ಚೆಲ್ಲಿ, ಅದೇ ಜಾಗದಲ್ಲಿ, ಅದೇ ಚುಕ್ಕಿಗಳ ಲೆಕ್ಕಕ್ಕೆ, ಅದೇ ರಂಗೋಲಿಯನ್ನು ಅವರು ಮತ್ತೆ ಇಡುತ್ತಿದ್ದರು. ಆದರೂ ಎರಡು ದಿನದ ಗೆರೆ ಕೂದಲೆಳೆಯಷ್ಟಾದರೂ ಬೇರೆಯಾಗಿರುತ್ತಿತ್ತು. ಆ ಕೂದಲೆಳೆಯ ವ್ಯತ್ಯಾಸವನ್ನು ಸೆಕೆಂಡಿಗೆ ಹನ್ನೆರಡು ಸಲ ನೋಡಿದರೆ ಗೆರೆ ಉಸಿರಾಡಿದಂತೆ ಕಾಣುತ್ತದೆ. ನೀವು ಇಂದು ಗೋಡೆಯ ಮೇಲೆ ಕಂಡ ಸಣ್ಣ ನಡುಕ ಪ್ರೊಜೆಕ್ಟರಿನ ದೋಷವಲ್ಲ.

ಇನ್ನು ತೂಕದ ಮಾತು. ರಾಜನ ನಡಿಗೆಯನ್ನು ನೆನಪಿಸಿಕೊಳ್ಳಿ. ಅವನು ಎದ್ದರೆ ಹೊಟ್ಟೆ ಆಮೇಲೆ ಏಳುತ್ತದೆ, ನಿಂತರೆ ನಿಲುವಂಗಿ ಆಮೇಲೆ ನಿಲ್ಲುತ್ತದೆ. ಅವನಿಗೆ ದನಿ ಕೊಟ್ಟವರು ಮಾಸ್ಕೋದ ವಖ್ತಂಗೊವ್ ರಂಗಮಂದಿರದ ಪ್ರಸಿದ್ಧ ನಟ ರೂಬೆನ್ ಸಿಮೊನೊವ್. ಆ ಕಾಲದಲ್ಲಿ ಈ ಸ್ಟುಡಿಯೋದವರು ಮನುಷ್ಯ ಪಾತ್ರಗಳಿಗಾಗಿ ಒಂದು ವಿಧಾನವನ್ನು ಧಾರಾಳವಾಗಿ ಬಳಸುತ್ತಿದ್ದರು. ನಟರಿಂದ ದೃಶ್ಯವನ್ನು ಆಡಿಸಿ, ಅದನ್ನು ಚಿತ್ರೀಕರಿಸಿ, ಒಂದೊಂದೇ ಚೌಕಟ್ಟನ್ನು ಗಾಜಿನ ಮೇಲೆ ಬೀಳಿಸಿ, ಅದರ ಆಧಾರದ ಮೇಲೆ ಗೆರೆ ಎಳೆಯುವುದು. ಅಮೆರಿಕದ ಮ್ಯಾಕ್ಸ್ ಫ್ಲೈಶರ್ ಇದಕ್ಕೆ 1917ರಲ್ಲಿ ಪೇಟೆಂಟ್ ಪಡೆದಿದ್ದರು. ರಷ್ಯಾದವರು ಇದನ್ನು ‘ಎಕ್ಲೇರ್’ ಎನ್ನುತ್ತಿದ್ದರು. ಇದು ನಕಲು ಎಂದು ಮುಂದಿನ ತಲೆಮಾರಿನ ಕಲಾವಿದರು ಬೇಸತ್ತರು. 1960ರ ದಶಕದ ಹೊತ್ತಿಗೆ ಇದನ್ನು ಬಹುಮಟ್ಟಿಗೆ ಕೈಬಿಟ್ಟು ಚಪ್ಪಟೆಯಾದ, ಸರಳವಾದ ಶೈಲಿಯ ಕಡೆಗೆ ಹೊರಳಿದರು. ಅವರ ದೂರಿನಲ್ಲಿ ಸತ್ಯವಿದೆ. ಮೇಲಿಟ್ಟು ತಿದ್ದಿದ ಗೆರೆಗೆ ಒಂದು ಬಗೆಯ ಬಿಗಿತ ಬರುತ್ತದೆ. ನನ್ನ ವಿದ್ಯಾರ್ಥಿಗಳು ಟ್ರೇಸಿಂಗ್ ಮಾಡಿ ತಂದ ಗಾಂಧೀಜಿಯನ್ನು ನಾನು ದೂರದಿಂದಲೇ ಗುರುತಿಸುತ್ತಿದ್ದೆ.

ಆದರೆ ಈ ಚಿತ್ರದಲ್ಲಿ ಆ ಬಿಗಿತವೇ ಕಥೆಗೆ ಒದಗಿಬಂದಿದೆ. ಮನುಷ್ಯರೆಲ್ಲ ನೆಲಕ್ಕೆ ಅಂಟಿದವರಂತೆ ನಡೆಯುತ್ತಾರೆ. ಹುಲ್ಲೆಗೆ ನಟಿಯಿಲ್ಲ, ಗಾಜಿನ ಮೇಲೆ ಬೀಳಿಸಲು ಫಿಲ್ಮಿಲ್ಲ. ಹೊನ್ನಿನ ಬಣ್ಣದ, ಮಾತನಾಡುವ, ನಾಣ್ಯ ಚಿಮ್ಮಿಸುವ ಪ್ರಾಣಿಯನ್ನು ಯಾರು ಕರೆತಂದು ಓಡಿಸಬೇಕು? ಅದು ಕೈಯಿಂದಲೇ ಹುಟ್ಟಬೇಕಾಯಿತು. ಹಾಗಾಗಿ ಒಂದೇ ಪರದೆಯ ಮೇಲೆ ಎರಡು ಬಗೆಯ ದೇಹಗಳಿವೆ. ಒಂದಕ್ಕೆ ಮೂಳೆಯಿದೆ, ಸುಸ್ತಿದೆ, ಬೆವರಿದೆ. ಇನ್ನೊಂದು ಬರೀ ಗೆರೆ, ಬರೀ ವೇಗ. ರಾಜ ಅದನ್ನು ಹಿಡಿಯಲಾರನೆಂಬುದು ಕಥೆ ಹೇಳುವುದಕ್ಕಿಂತ ಮುಂಚೆ ನಮ್ಮ ಕಣ್ಣಿಗೆ ಗೊತ್ತಾಗಿಬಿಡುತ್ತದೆ.

ಈ ಹುಲ್ಲೆಯ ಓಟ ಎಷ್ಟು ನಿಜ ಎಂಬುದನ್ನು ನೋಡಲೇಬೇಕೆನ್ನಿಸಿ, ಸ್ಕೆಚ್ ಪುಸ್ತಕ ಹಿಡಿದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿದ್ದೆ. ಅಲ್ಲಿನ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ನಿಮ್ಮಲ್ಲಿ ಅನೇಕರಿಗೆ ಗೊತ್ತು. ನಮ್ಮ ಆಡುಮಾತಿನಲ್ಲಿ ಎಲ್ಲವೂ ಜಿಂಕೆಯೇ. ಆದರೆ ಜಿಂಕೆಯ ಕೊಂಬು ಕವಲೊಡೆದು, ಉದುರಿ, ಮತ್ತೆ ಬೆಳೆಯುವಂಥದ್ದು, ಕೃಷ್ಣಮೃಗದ ತಿರುಚಿದ ಕೊಂಬು ಬದುಕಿರುವವರೆಗೆ ಉದುರದು. ಹುಲ್ಲೆ ಎಂಬ ಹಳೆಯ ಪದವನ್ನು ನಾನು ಹುಡುಕಿ ತಂದದ್ದು ಈ ಕಾರಣಕ್ಕೆ. ಒಂದು ಬೆಳಗ್ಗೆಯೆಲ್ಲ ಬಯಲಿನ ಅಂಚಿನಲ್ಲಿ ಕುಳಿತೆ. ಬೆದರಿದ ಹಿಂಡು ಓಡುವ ಮುಂಚೆ ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ, ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆ. ಅರೆಕ್ಷಣ ಪ್ರಾಣಿ ಗಾಳಿಯಲ್ಲಿ ನಿಂತೇಬಿಟ್ಟಿತೇನೋ ಎನ್ನಿಸುತ್ತದೆ. ಹತ್ತು ಹಾಳೆ ಹಾಳಾಯಿತು, ಒಂದು ಗೆರೆಯೂ ದಕ್ಕಲಿಲ್ಲ. ಆದರೆ ಮಾಸ್ಕೋದ ಚಿತ್ರಕಾರರ ಹುಲ್ಲೆ ಸುಳ್ಳಲ್ಲ ಎಂಬ ನಂಬಿಕೆಯೊಂದಿಗೆ ಮನೆಗೆ ಬಂದೆ. ಗೊರಸು ನೆಲವನ್ನು ತುಳಿಯುವುದಿಲ್ಲ, ಮುಟ್ಟಿ ಬಿಡುತ್ತದೆ ಎಂಬುದನ್ನು ಅವರು ಅರಿತಿದ್ದರು. ಚಿನ್ನ ಚಿಮ್ಮುವುದು ಆ ಮುಟ್ಟುವಿಕೆಯಲ್ಲಿ.

ಅವರು ಅರಿಯದಿದ್ದದ್ದೂ ಬಹಳವಿದೆ. ಈ ಚಿತ್ರದ ಭಾರತ ಯಾವ ಜಿಲ್ಲೆಯದೂ ಅಲ್ಲ. ಕೋಟೆ, ಕಾಡು, ಪೇಟ, ಆನೆ ಎಲ್ಲವೂ ಪುಸ್ತಕದಿಂದ, ಮಿನಿಯೇಚರ್ ವರ್ಣಚಿತ್ರಗಳಿಂದ, ವಸ್ತುಸಂಗ್ರಹಾಲಯದಿಂದ ಬಂದವು ಎನ್ನಿಸುತ್ತದೆ. ರಾಜನಿಗೂ ಹೆಸರಿಲ್ಲ, ಹುಡುಗನಿಗೂ ಹೆಸರಿಲ್ಲ. ಕಾಲವನ್ನು ಗಮನಿಸಿ. ನೆಹರೂ ಮಾಸ್ಕೋಗೆ ಹೋದದ್ದು 1955ರ ಜೂನ್‌ನಲ್ಲಿ, ಸೋವಿಯತ್ ನಾಯಕರಾದ ಕ್ರುಶ್ಚೇವ್ ಮತ್ತು ಬುಲ್ಗಾನಿನ್ ಇಲ್ಲಿಗೆ ಬಂದು ಬೆಂಗಳೂರನ್ನೂ ನೋಡಿದ್ದು ಅದೇ ವರ್ಷದ ಕೊನೆಯಲ್ಲಿ. ಚಿತ್ರ ಅವೆರಡಕ್ಕೂ ಮುಂಚಿನದು. 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯನ್ ವ್ಯಾಪಾರಿ ನಮ್ಮ ಬೀದರಿನವರೆಗೂ ಬಂದು, ಕಂಡದ್ದನ್ನು ಬರೆದಿಟ್ಟು ಹೋದ ದಿನದಿಂದ ಅವರಿಗೆ ನಾವು ದೂರದ ಬೆರಗು. ಆ ಬೆರಗಿನಲ್ಲಿ ತಪ್ಪುಗಳಿವೆ, ತಾತ್ಸಾರವಿಲ್ಲ. ಹೊರಗಿನವರು ನಮ್ಮನ್ನು ಬರೆದಾಗ ಹಾವಾಡಿಗನನ್ನೂ ಫಕೀರನನ್ನೂ ನಗೆಪಾಟಲಿಗೆ ನಿಲ್ಲಿಸುವುದು ವಾಡಿಕೆಯಾಗಿದ್ದ ಕಾಲದಲ್ಲಿ, ಇಲ್ಲಿ ನಗೆಗೀಡಾಗುವವನು ಅಧಿಕಾರದಲ್ಲಿದ್ದವನು ಮಾತ್ರ. ಅತಮಾನೊವ್ ಅರ್ಮೇನಿಯಾದ ಮೂಲದವರು, ಆ ನಾಡಿನ ಮೊದಲ ಕಾರ್ಟೂನು ಚಿತ್ರವನ್ನು 1938ರಲ್ಲಿ ಮಾಡಿದವರೂ ಅವರೇ. ಪೂರ್ವದ ಕಥೆಗಳ ಲಯ ಅವರಿಗೆ ಪೂರ್ತಿ ಹೊರಗಿನದಾಗಿರಲಿಲ್ಲ. ಕಲಾ ನಿರ್ದೇಶಕರಲ್ಲೊಬ್ಬರಾದ ಲಿಯೊನಿದ್ ಶ್ವಾರ್ತ್ಸ್‌ಮನ್ 2022ರಲ್ಲಿ, ನೂರೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಈ ಚಿತ್ರಕ್ಕೆ 1955ರ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ವಿಶೇಷ ಮನ್ನಣೆಯೂ ದೊರೆಯಿತು.

ಅದೇ ದಶಕದಲ್ಲಿ ನಮ್ಮಲ್ಲೂ ಒಂದು ಜಿಂಕೆ ಪರದೆಗೆ ಬಂತೆಂಬುದನ್ನು ಹೇಳದಿದ್ದರೆ ತಪ್ಪಾದೀತು. ಮುಂಬಯಿಯ ಫಿಲ್ಮ್ಸ್ ಡಿವಿಜನ್ ತನ್ನ ಕಾರ್ಟೂನು ವಿಭಾಗವನ್ನು ಕಟ್ಟುವಾಗ ತರಬೇತಿಗೆಂದು ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಬಂದರು. ಬೌದ್ಧರ ಜಾತಕ ಕಥೆಯೊಂದನ್ನು ಆಧರಿಸಿದ ‘ದಿ ಬ್ಯಾನಿಯನ್ ಡಿಯರ್’ 1957ರಲ್ಲಿ ಸಿದ್ಧವಾಯಿತು. ಬಸುರಿ ಹೆಣ್ಣುಜಿಂಕೆಯ ಬದಲು ತನ್ನ ತಲೆ ಕೊಡಲು ಬಂದ ಜಿಂಕೆಗಳ ರಾಜನ ಕಥೆ ಅದು. ಒಂದು ಜಿಂಕೆಗೆ ಮಾಸ್ಕೋದ ಕೈ, ಇನ್ನೊಂದಕ್ಕೆ ಅಮೆರಿಕದ ಪಾಠ. ಎರಡೂ ನಮ್ಮ ಕಾಡಿನವೇ. ಎರಡನ್ನೂ ಒಂದೇ ಸಂಜೆ ತೋರಿಸುವ ಆಸೆ ನನಗಿದೆ.

ಈ ಊರಿನಲ್ಲಿ ಕುಳಿತು ನೋಡುವವರಿಗಷ್ಟೇ ಒದಗುವ ಒಂದು ಸ್ವಾರಸ್ಯವೂ ಉಂಟು. ಹುಲ್ಲೆ ಮೊದಲ ಸಲ ಕಾಣಿಸಿದಾಗ ನನ್ನ ಬಲಗಡೆ ಕುಳಿತಿದ್ದ ಅಜ್ಜಿಯೊಬ್ಬರು, “ಇದು ಮಾರೀಚ ಇರ್ಬೇಕು, ನಂಬ್ಬೇಡ ಕಂದಾ” ಎಂದು ಪರದೆಯ ಹುಡುಗನಿಗೆ ಬುದ್ಧಿ ಹೇಳಿದರು. ಮಾಸ್ಕೋದ ಮಗುವಿಗೆ ಈ ಅನುಮಾನ ಬರುವುದು ಸಾಧ್ಯವೇ ಇಲ್ಲ. ಸೀತಮ್ಮ ಲವಕುಶರನ್ನು ಹೆತ್ತದ್ದು ಮುಳಬಾಗಿಲಿನ ಪಕ್ಕದ ಆವನಿಯಲ್ಲೇ ಎಂದು ನಂಬಿರುವ ನಮಗೆ ಹೊನ್ನಿನ ಜಿಂಕೆ ಎಂದರೆ ಮೋಸ, ಗೆರೆ ದಾಟಿಸುವ ಮಾಯೆ. ಆದ್ದರಿಂದ ಅಲ್ಲಿನವರು ಬೆರಗಿನಿಂದ ನೋಡುವ ಮೊದಲ ನಿಮಿಷಗಳನ್ನು ನಾವು ಸಂಶಯದಿಂದ ನೋಡುತ್ತೇವೆ. ಈ ಹುಲ್ಲೆ ಕೊಟ್ಟ ಮಾತಿಗೆ ತಪ್ಪುವುದಿಲ್ಲವೆಂದು ಖಚಿತವಾಗುವ ತನಕ ನಮ್ಮ ಎದೆ ಹಿಡಿದುಕೊಂಡಿರುತ್ತದೆ. ಆ ಅಜ್ಜಿ ಕೊನೆಯವರೆಗೂ ಪೂರ್ತಿ ನಂಬಲಿಲ್ಲವೆಂದು ನನ್ನ ಗುಮಾನಿ.

ಚಿತ್ರ ರಷ್ಯನ್ ಭಾಷೆಯಲ್ಲಿದ್ದುದರಿಂದ ಪಕ್ಕದಲ್ಲಿ ನಿಂತು ಕನ್ನಡ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೆ ಸಿದ್ಧನಾಗುವಾಗ ನಾನು ಹೆಚ್ಚು ಹೊತ್ತು ಕಳೆದದ್ದು ಒಂದೇ ಪದದ ಮೇಲೆ. ರಾಜನ ಬಾಯಿಂದ ಬರಬಾರದ ಆ ಪದ ರಷ್ಯನ್ನಿನಲ್ಲಿ ‘ದವೋಲ್ನಾ’. ಅದರ ಬೇರಿನಲ್ಲೇ ತೃಪ್ತಿಯ ಅರ್ಥವಿದೆ. ‘ದವೋಲೆನ್’ ಎಂದರೆ ತೃಪ್ತನಾದವನು. ತೃಪ್ತಿಯ ಪದವನ್ನು ತೃಪ್ತಿಯೇ ಇಲ್ಲದವನು ಪ್ರಾಣಭಯದಿಂದ ಕಿರುಚುವುದು ಅಲ್ಲಿನ ವ್ಯಂಗ್ಯ. ಇದನ್ನು ಕನ್ನಡಕ್ಕೆ ತರಲಾಗುವುದಿಲ್ಲವೆಂದು ಕೈಚೆಲ್ಲಿ ಕುಳಿತಿದ್ದಾಗ ನಮ್ಮ ಪದವೇ ಬೇರೊಂದು ಬಾಗಿಲು ತೆರೆಯಿತು. ನಮ್ಮಲ್ಲಿ ‘ಸಾಕು’ ಎಂದರೆ ಇಷ್ಟಕ್ಕೆ ನಿಲ್ಲಿಸು ಎಂದೂ ಹೌದು, ಉಣಿಸಿ ಬೆಳೆಸು ಎಂದೂ ಹೌದು. ಕಥೆಯ ಹುಡುಗ ಸಾಕುವವರಿಲ್ಲದವನು. ಅವನನ್ನು ಸಾಕುವುದು ಹುಲಿ, ಹುಲ್ಲೆ, ಕಾಡು. ರಾಜನೋ ಸಾಕೆನ್ನಲು ಬಾರದವನು. ಜೊತೆಗೆ ಹುಡುಗನ ತಲೆಯ ಮೇಲಿನ ‘ಸಾಲ’ ಮತ್ತು ರಾಜನ ಎದೆಯೊಳಗಿನ ‘ಸಾಲದು’. ಇವಕ್ಕೆಲ್ಲ ಒಂದೇ ಬೇರೋ ಬೇರೆಯೋ ಎಂಬುದನ್ನು ಪಂಡಿತರಿಗೆ ಬಿಡುತ್ತೇನೆ. ಕಿವಿಗೆ ಮಾತ್ರ ಇವು ಅಕ್ಕತಂಗಿಯರು. ಮಾಸ್ಕೋದಲ್ಲಿ ಕುಳಿತು ಬರೆದ ಕಥೆ ಕನ್ನಡದೊಳಗೆ ಮೊದಲೇ ಅವಿತುಕೊಂಡಿದ್ದಂತೆ ನನಗೆ ಅನ್ನಿಸಿತು.

ನಾಣ್ಯಗಳು ಕುತ್ತಿಗೆಯವರೆಗೆ ಏರಿದಾಗ ಮಕ್ಕಳು ಏನು ಮಾಡಿದರೆಂದು ನೀವೇ ಕೇಳಿದಿರಿ. ಅರ್ಧ ಜನ “ಅನ್ನು, ಅನ್ನು” ಎಂದು ಕೂಗಿದರು, ಇನ್ನರ್ಧ ಜನ “ಅನ್ಬೇಡ” ಎಂದರು. ನನ್ನ ‘ಸಾಕು’ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಆದರೆ ಬಣ್ಣ ಬದಲಾದದ್ದು ಎಲ್ಲರಿಗೂ ಕಾಣಿಸಿತು, ಅಷ್ಟು ಸಾಕಾಗಿತ್ತು. ಚಿತ್ರಕಾರನ ಮೇಜಿನ ಮೇಲೆ ಚಿನ್ನವೂ ಇಲ್ಲ, ಮಣ್ಣೂ ಇಲ್ಲ. ಹಳದಿ, ಬಿಳಿ, ಕಂದು ಬಣ್ಣದ ಬಟ್ಟಲುಗಳಿವೆ. ಹೊಳಪೆಂಬುದು ಹಳದಿಯ ಪಕ್ಕ ಸರಿಯಾದ ಜಾಗದಲ್ಲಿಟ್ಟ ಒಂದು ಬಿಳಿಯ ಚುಕ್ಕೆ. ಅದನ್ನು ತೆಗೆದರೆ ರಾಜ್ಯದ ಬೊಕ್ಕಸವೆಲ್ಲ ಕುಂಬಾರನ ತಿಪ್ಪೆ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಎದ್ದವರು ತಮ್ಮ ಊರು ಕೆಜಿಎಫ್ ಎಂದರು. ಅವರ ತಂದೆ, ತಾತ ಇಬ್ಬರೂ ಗಣಿಯೊಳಗೆ ಇಳಿದವರಂತೆ. ಆ ಗಣಿಗಾಗಿ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು, ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು, 2001ರ ಫೆಬ್ರವರಿ 28ರಂದು ಎಲ್ಲವೂ ಮುಚ್ಚಿದ್ದು ಈ ಜಿಲ್ಲೆಯವರಿಗೆ ನಾನು ಹೇಳಬೇಕಾದ ಸಂಗತಿಗಳಲ್ಲ. ಅವರು ಹೇಳಿದ್ದು ಇಷ್ಟು: “ಮೇಷ್ಟ್ರೇ, ನಿಮ್ಮ ಸಿನಿಮಾದಲ್ಲಿ ಚಿನ್ನ ಗೊರಸಿಂದ ಪುಕ್ಕಟೆ ಬೀಳ್ತದೆ. ನಮ್ಮಪ್ಪ ಒಂದು ಟನ್ ಕಲ್ಲು ಒಡೆದ್ರೆ ಕೊನೇಲಿ ಸಿಕ್ತಿದ್ದದ್ದು ಕೆಲವೇ ಗ್ರಾಂ. ಸಾಕು ಅಂದಿದ್ದು ನಾವಲ್ಲ. ಆದ್ರೆ ಚೂರಿನ ಗುಡ್ಡ ಮಾತ್ರ ನಮ್ಮ ಮನೆ ಮುಂದೇನೇ ಉಳೀತು.” ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯನ್ನು ಸುರಿದ ಸೈನೈಡ್ ದಿಬ್ಬಗಳ ಮಾತದು, ಗಾಳಿಗಾಲದಲ್ಲಿ ಅದರ ಪುಡಿ ಮನೆಯೊಳಗೆ ಬಂದು ಕೂರುವುದನ್ನು ಬಲ್ಲವರು ಸಭೆಯಲ್ಲಿ ಬಹಳ ಜನರಿದ್ದರು. ಯಾರೂ ಮಾತಾಡಲಿಲ್ಲ. ನನ್ನಲ್ಲೂ ಉತ್ತರವಿರಲಿಲ್ಲ.

ಅವರೇ ಆಮೇಲೆ, ರಾಜ ಮುಳುಗುವುದು ಬೇಡ, ಹುಲ್ಲೆ ಓಡುವ ಭಾಗವನ್ನು ಮಾತ್ರ ಇನ್ನೊಂದು ಸಲ ಹಾಕಿ ಎಂದರು. ಮಕ್ಕಳು ಜಮಖಾನದ ಮೇಲೆ ಜಾಗ ಮಾಡಿಕೊಟ್ಟರು. ನಾನು ಕನ್ನಡ ಹೇಳುವುದನ್ನು ಬಿಟ್ಟು, ದೀಪ ಆರಿಸಿ, ಅವರ ಪಕ್ಕದಲ್ಲಿ ಕುಳಿತೆ.